ತಲೆ ಎತ್ತುವವರೆಗೆ

ಹೆಗಲಿಗೊಂದು ಕೈ, ಸೊಂಟಕ್ಕೊಂದು ಕೈ ಕೊಟ್ಟು ಆಕೆ ಗಂಡನ ಹೆಣವನ್ನು ಮಗ್ಗುಲಿಗೆ ಹೊರಳಿಸುತ್ತಿದ್ದಾಗ ತಮ್ಮ ಓಡಿಬಂದು ತಡೆದ.

"ಅಕ್ಕಾ, ಏನ್ ಮಾಡ್ತಿದೀಯ? ಜನ ನೋಡ್ತಿದಾರೆ."

"ಅಂಗಾತ ಮಲಗಿಸಬಾರದು ಕಣೋ. ನಾಲಿಗೆ ಹಿಂದಕ್ಕೆ ಬೀಳುತ್ತೆ."

ತಮ್ಮ ಮೆಲ್ಲಗೆ ಅವಳ ಕೈ ಬಿಡಿಸಿ, ಭಾವನನ್ನು ಮತ್ತೆ ಅಂಗಾತ ಮಾಡಿದ.

ಬಾಗಿಲಾಚೆ ಕುರ್ಚಿ ಎಳೆದುಕೊಂಡು ಕೂತವರ ಬಾಯಿಗೆ ಬೀಗ ಹಾಕುವವರು ಯಾರು?

"ಊರ ನಾಯಿಗಳ ಸಂತಾನಕ್ಕೆಲ್ಲ ಕತ್ತರಿ ಹಾಕಿದ ಪುಣ್ಯಾತ್ಮ. ಕೊನೆಗೆ ತನಗೂ ಒಂದು ಮಗು ಆಗ್ಲಿಲ್ಲ ನೋಡಿ," ಎಂದ ಪಕ್ಕದ ಮನೆಯ ಯಜಮಾನ.

"ಸ್ವಲ್ಪ ಮೆಲ್ಲಗೆ ಮಾತಾಡಿ ಸ್ವಾಮಿ," ಎಂದ ವ್ಯಾನಿನ ಡ್ರೈವರ್. ಬಲೆ ಬೀಸಿ ನಾಯಿ ಹಿಡಿದು ತರುತ್ತಿದ್ದವನು ಅವನೇ. "ಈ ಬೀದೀಲಿ ಮರಿಗಳು ಚಕ್ರಕ್ಕೆ ಸಿಕ್ಕಿ ಸತ್ತಿದ್ದು ಈಚೆಗೆ ಯಾವತ್ತಾದ್ರೂ ನೋಡಿದ್ರಾ?"

ಆಕೆಗೂ ಕೇಳಿಸಿತು. ಹಳೆಯ ಕುಹಕ. ಗಂಡ ಹೆಂಡತಿ ಇದನ್ನೇ ಹೇಳಿಕೊಂಡು ನಕ್ಕದ್ದುಂಟು. ಈಗ ನಗಲು ಜೊತೆಯಿಲ್ಲ.

*

ಶಾಲೆಯ ಜಗಲಿ, ಲಾರಿ ಶೆಡ್ಡು, ಎಲ್ಲಿ ನೆರಳು ಸಿಕ್ಕರೆ ಅಲ್ಲೇ ಶಿಬಿರ. ಬೀದಿನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡುತ್ತ ಡಾಕ್ಟರಾಗಿದ್ದ ಗಂಡ ಮೇಜಿನ ಬಳಿ. ಆಕೆ ಚಾಪೆಯ ಬಳಿ. ಹೊಲಿಗೆ ಮುಗಿದ ನಾಯಿಯನ್ನು ಮಗ್ಗುಲಾಗಿಸಿ, ನಾಲಿಗೆ ಹೊರಗೆಳೆದು, ಕಂಬಳಿ ಹೊದಿಸಿ, ಕಿವಿ ಉಜ್ಜುತ್ತ ಕೂರುವುದು ಅವಳ ಪಾಲಿನ ಕೆಲಸ. ಆಗಾಗ ಕಣ್ಣಿನ ಮೂಲೆಯನ್ನು ಬೆರಳ ತುದಿಯಿಂದ ಮುಟ್ಟಬೇಕು. ರೆಪ್ಪೆ ಮಿಟುಕಿತೆಂದರೆ ಜೀವ ದಡಕ್ಕೆ ಬರುತ್ತಿದೆ ಎಂದೇ ಅರ್ಥ.

"ಕತ್ತರಿಸೋದೇನು ಮಹಾ," ಎನ್ನುತ್ತಿದ್ದರು ಡಾಕ್ಟರು. "ಸಾವು ಬರೋದು ಆಮೇಲೆ, ಎಲ್ಲರೂ ಟೀ ಕುಡಿಯೋಕೆ ಹೋದಾಗ. ಅದು ತಲೆ ಎತ್ತೋವರೆಗೂ ನೀನು ಏಳಬೇಡ."

ಕಾಲು ಜೋಮು ಹಿಡಿದರೂ ಆಕೆ ಏಳುತ್ತಿರಲಿಲ್ಲ. ಅವಳು 'ಹೂಂ' ಎನ್ನದೆ ಒಂದು ನಾಯಿಯನ್ನೂ ಡ್ರೈವರ್ ಚಾಪೆಯಿಂದ ಎತ್ತುವಂತಿರಲಿಲ್ಲ.

*

ನಿನ್ನೆ ಡಾಕ್ಟರಿಗೇ ಹರ್ನಿಯಾ ಆಪರೇಷನ್. "ಚಾಪೆ ಹತ್ರ ನೀನಿರ್ತೀಯಲ್ಲ, ನನಗೇನು ಭಯ?" ಎಂದು ನಗುತ್ತಲೇ ಒಳಗೆ ಹೋದರು. ಆಪರೇಷನ್ ಸಲೀಸಾಗಿ ಮುಗಿಯಿತು. ಪಕ್ಕದಲ್ಲಿ ಕೂರುತ್ತೇನೆಂದು ಆಕೆ ಅಂಗಲಾಚಿದಾಗ ನರ್ಸ್, "ಮಿಷನ್ ನೋಡ್ಕೊಳ್ಳುತ್ತೆ ಅಮ್ಮಾ. ನೀವು ಹೋಗಿ ಟೀ ಕುಡಿದು ಬನ್ನಿ," ಎಂದಳು.

ಎಷ್ಟೋ ಬೀದಿನಾಯಿಗಳು ಹಲ್ಲು ಕಿರಿದರೂ ಜಾಗ ಬಿಡದವಳು ಆಗ ಎದ್ದು ಹೋದಳು. ಲೋಟ ಕೆಳಗಿಡುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ಆ ಟೀ ಚೆನ್ನಾಗಿತ್ತು. ಅದನ್ನು ನೆನೆದರೆ ಆಕೆಗೆ ತನ್ನ ಮೇಲೇ ಹೇಸಿಗೆಯಾಗುತ್ತದೆ.

*

"ಅಕ್ಕಾ, ಹೊತ್ತಾಯ್ತು. ಎತ್ತಬೇಕು," ಎಂದ ತಮ್ಮ. ನಾಲ್ವರು ಬಗ್ಗಿದರು.

"ಇನ್ನೂ ತಲೆ ಎತ್ತಿಲ್ಲ," ಎಂದಳು.

ಯಾರೋ ಬಿಕ್ಕಿದರು. ಡ್ರೈವರ್ ಮಾತ್ರ ಕೈ ಅಡ್ಡ ಹಿಡಿದ. "ತಡೀರಿ. ಅಮ್ಮ ಹೂಂ ಅನ್ನೋವರೆಗೂ ಎತ್ತೋ ಹಾಗಿಲ್ಲ."

ಎಲ್ಲರೂ ನಿಂತರು. ಆಕೆ ಗಂಡನ ಕಣ್ಣಿನ ಮೂಲೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಕಾದಳು. ತಣ್ಣಗಿದ್ದ ಕಿವಿಯನ್ನು ಎರಡೂ ಅಂಗೈಯಲ್ಲಿ ಉಜ್ಜಿ, ಮತ್ತೆ ಮುಟ್ಟಿದಳು.

ಬೆಳಿಗ್ಗೆ ಯಾರೋ ತಂದಿಟ್ಟ ಟೀ ಅವಳ ಪಕ್ಕದಲ್ಲಿ ಹಾಗೇ ಕೆನೆಗಟ್ಟಿತ್ತು.