ನಿಲ್ಲದ ಗಿರಣಿ

ಮನೆಗೆ ಕರೆಂಟ್ ಬಂದು ಎರಡು ವರ್ಷ ಆಗಿರಲಿಲ್ಲ, ಅಷ್ಟರಲ್ಲೇ ದಾವಣಗೆರೆಯ ಆ ಓಣಿಯ ಹೆಂಗಸರಿಗೆ ಲಾಟೀನು ಒರೆಸುವುದು ಮರೆತೇಹೋಗಿತ್ತು. ಖತೀಜಾಬೀಯೂ ಅದಕ್ಕೆ ಹೊರತಲ್ಲ. ಅಟ್ಟದಿಂದ ಇಳಿಸಿ ನೋಡಿದರೆ ಒಂದು ಲಾಟೀನಿನಲ್ಲಿ ಜೇಡ ಸಂಸಾರ ಹೂಡಿತ್ತು, ಇನ್ನೊಂದರ ಬತ್ತಿಯನ್ನು ಇಲಿ ತಿಂದಿತ್ತು. ಸೀಮೆಎಣ್ಣೆಯ ಬತ್ತಿ ಇಲಿಗೆ ಅದೆಂಥ ರುಚಿಯೋ, ಆ ಇಲಿಯನ್ನೇ ಕೇಳಬೇಕು.

ಹೊಸ ಕಂಬ ನೆಟ್ಟು ತಂತಿ ಎಳೆಯುತ್ತಾರೆ, ಶನಿವಾರ ದೀಪ ಹಚ್ಚುವ ಹೊತ್ತಿನಿಂದ ಬೆಳಗಿನವರೆಗೂ ಕರೆಂಟ್ ಇರುವುದಿಲ್ಲ ಎಂದು ಹಲಗೆ ಬಾರಿಸಿ ಸಾರಿಹೋಗಿದ್ದರು. ಸಾರಿದವನಿಗೇನು, ಸಾರಿ ಹೋದ. ಖತೀಜಾಬೀಗೆ ಮಾತ್ರ ಚಿಂತೆ ಹತ್ತಿಕೊಂಡಿತು. ಅವಳ ಗಂಡ ಮಸ್ತಾನಸಾಬ್ ಟೈಲರ್. ಹರಿಹರದ ಹಾಲೇಶಪ್ಪನವರ ಮನೆಯ ಮದುವೆ ಬಟ್ಟೆಯೆಲ್ಲ ಅವನ ಮೆಷಿನ್ನಿನ ಮುಂದೆ ಬಿದ್ದಿತ್ತು. ಭಾನುವಾರದ ಮೊದಲ ಬಸ್ಸಿಗೆ ಅದು ಹೋಗಲೇಬೇಕು. ಈ ವರ್ಷ ಏನಾದರೊಂದು ನೆಪಕ್ಕೆ ಬಟ್ಟೆ ತಡವಾಗಿ, ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದ್ದರು. ಉಳಿದ ದೊಡ್ಡ ಮನೆ ಹಾಲೇಶಪ್ಪನವರದೊಂದೇ. ಅದೂ ಕೈಬಿಟ್ಟರೆ ಮೆಷಿನ್ನಿಗೆ ಮುಸುಕು ಹಾಕಿ ಕೂರಬೇಕಿತ್ತು.

ಹಾಗಾಗಿ ಶನಿವಾರ ಬೆಳಗಿನಿಂದ ಅವಳು ಸೊಂಟಕ್ಕೆ ಸೆರಗು ಕಟ್ಟಿದಳು. ಬೂದಿ ಹಾಕಿ ಗಾಜು ತಿಕ್ಕಿದಳು. ಹಳೆಯ ಲುಂಗಿ ಹರಿದು ಬತ್ತಿ ಹೊಸೆದಳು. ನೀರು ತುಂಬಿ, ಬೆಳಕಿರುವಾಗಲೇ ರೊಟ್ಟಿ ಬಡಿದಿಟ್ಟಳು. ಕತ್ತಲಲ್ಲಿ ಎಡವಿ ಬೀಳದಿರಲೆಂದು ನಡುಮನೆಯ ಮಣೆ, ಚೆಂಬು, ಚಪ್ಪಲಿ ಎಲ್ಲ ಗೋಡೆಗೆ ಸರಿಸಿದಳು. ದೊಡ್ಡ ಲಾಟೀನನ್ನು ಮೆಷಿನ್ನಿನ ಪಕ್ಕದ ಮೊಳೆಗೆ ತೂಗುಹಾಕಿ, ಬೆಂಕಿಪೊಟ್ಟಣವನ್ನು ಸೊಂಟಕ್ಕೇ ಸಿಕ್ಕಿಸಿಕೊಂಡಳು.

"ಇಷ್ಟೊಂದು ದೀಪ ಯಾಕ? ನಮ್ಮ ಮನ್ಯಾಗೇನು ಉರುಸು ಐತಾ?" ಎಂದ ಮಸ್ತಾನಸಾಬ್.

"ಕತ್ತಲಾಗ ಹೊಲಿಗೆ ಡೊಂಕಾದ್ರ ಹಾಲೇಶಪ್ಪನೋರು ಹಾರ ಹಾಕ್ತಾರೇನ್ರೀ?"

ಅವನು ನಕ್ಕು ಮತ್ತೆ ಮೆಷಿನ್ ತುಳಿಯತೊಡಗಿದ. ಹಿತ್ತಲಗೋಡೆಯ ಆಚೆ ತಿಪ್ಪೇರುದ್ರಪ್ಪನ ಹಿಟ್ಟಿನ ಗಿರಣಿ. ಅವನೂ ಜಾಣ, ಕರೆಂಟಿಲ್ಲವೆಂದು ಗಿರಣಿ ನಿಲ್ಲಿಸುವ ಆಳಲ್ಲ. ಮೂಲೆಗೆ ತಳ್ಳಿದ್ದ ಹಳೆಯ ಆಯಿಲ್ ಇಂಜಿನ್ನಿಗೆ ಪಟ್ಟಿ ಏರಿಸಿ ಮಧ್ಯಾಹ್ನವೇ ಚಾಲೂ ಮಾಡಿದ್ದ. ನೀರಿಗೆ ಹೋದಾಗ ಖತೀಜಾಬೀ ಅದನ್ನು ನೋಡಿದ್ದಳು. ಗಂಡನಿಗೆ ಹೇಳುವಷ್ಟು ದೊಡ್ಡ ಸುದ್ದಿಯೇನೂ ಅದಾಗಿರಲಿಲ್ಲ.

ಹೊತ್ತು ಮುಳುಗಿತು. ಬಲ್ಬು ಹಾಕಿ, ಸೂಜಿಗೆ ದಾರ ಪೋಣಿಸಿಕೊಟ್ಟು ಅವಳು ಒಳಗೆ ಹೋದಳು. ಕೆಲವು ತಿಂಗಳಿಂದ ದಾರ ಪೋಣಿಸುವುದು ಅವಳದೇ ಕೆಲಸ. 'ನಿನ್ನ ಕಣ್ಣು ಚುರುಕು, ನೀನೇ ಪೋಣಿಸು' ಅನ್ನುತ್ತಿದ್ದ. ಗಂಡ ಹೊಗಳಿದನೆಂದು ಹಿಗ್ಗಿ ಪೋಣಿಸುತ್ತಿದ್ದಳು, ಪಾಪ.

ಅವಳು ಅಡುಗೆಮನೆಯ ಹೊಸ್ತಿಲಲ್ಲಿದ್ದಾಗ ಬಲ್ಬು ಒಮ್ಮೆ ಮಿಣುಕಿ ಆರಿಹೋಯಿತು. ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲು. ಗಿರಣಿ ಗಡಗಡ ನಡೆದೇ ಇತ್ತು. ಅದು ಸರಿ, ಅದಕ್ಕೆ ಇಂಜಿನ್ ಇದೆ. ಆದರೆ ಮೆಷಿನ್ನೂ ನಡೆದೇ ಇತ್ತು.

ಕಾಲಿನ ರೂಢಿ, ಈಗ ನಿಲ್ಲುತ್ತದೆ ಎಂದುಕೊಂಡಳು. ನಿಲ್ಲಲಿಲ್ಲ. ಅದೇ ಹದ, ಅದೇ ಸದ್ದು.

"ಖತೀಜಾ, ಕರೆಂಟ್ ಹೋಗೋದ್ರೊಳಗ ಈ ಪೈಜಾಮ ಮುಗಿಸಿಬಿಡ್ತೀನಿ," ಎಂದ ಮಸ್ತಾನಸಾಬ್ ಆ ಕತ್ತಲೊಳಗಿಂದ. "ಆಮ್ಯಾಲೆ ನಿನ್ನ ದೀಪ ಎಲ್ಲಾ ಹಚ್ಚುವಂತಿ."

ಚೇಷ್ಟೆ ಮಾಡುತ್ತಿದ್ದಾನೆ, ಚೇಷ್ಟೆಯೇ ಇರಲಿ ಅಲ್ಲಾ, ಎಂದು ಬೇಡಿಕೊಳ್ಳುತ್ತ ಗೋಡೆ ಹಿಡಿದು ಬಂದಳು. ಕಡ್ಡಿ ಗೀರಿದರೆ ಮುರಿಯಿತು, ಇನ್ನೊಂದೂ ಮುರಿಯಿತು. ಕೊನೆಗೆ ಲಾಟೀನು ಹೊತ್ತಿಕೊಂಡಿತು. ಅದನ್ನು ಎತ್ತಿ ಗಂಡನ ಮುಖದ ಹತ್ತಿರ ಹಿಡಿದಳು. ಅವನ ರೆಪ್ಪೆ ಅಲುಗಲಿಲ್ಲ. ಅವಳು ಇನ್ನೂ ಹತ್ತಿರ ತಂದಳು.

ಗಾಜಿನ ಬಿಸಿ ಕೆನ್ನೆಗೆ ತಾಗಿ ಅವನು ಮುಖ ಹಿಂದಕ್ಕೆಳೆದ. ಕಾಲು ನಿಂತಿತು. "ಏನದು ಬಿಸಿ?"

"ಲಾಟೀನು."

"ಈಗ್ಲೇ ಯಾಕ ಹಚ್ಚಿದಿ?"

"ಕರೆಂಟ್ ಹೋಗೈತ್ರೀ."

"ಗಿರಣಿ ನಡೀತಾ ಐತಲ್ಲ."

"ಅದು ಆಯಿಲ್ ಇಂಜಿನ್ನು. ಮಧ್ಯಾಹ್ನದಿಂದ ಅದ್ರಾಗೇ ನಡಸ್ಯಾರ."

ಮಸ್ತಾನಸಾಬ್ ಗಿರಣಿಯ ಕಡೆಗೆ ಕಿವಿ ತಿರುಗಿಸಿದ. "ಸದ್ದು ಬ್ಯಾರೆ ಅನ್ನಿಸ್ತು," ಎಂದ ಆಮೇಲೆ. "ಬೇರಿಂಗ್ ಹೋಗಿರ್ಬೇಕು ಅಂದ್ಕೊಂಡೆ. ಗಿರಣಿ ನಿಂತ ಕೂಡ್ಲೆ ದೀಪ ತಾ ಅಂತ ಕೂಗೋಣ ಅಂತಿದ್ದೆ."

ಅವಳು ಲಾಟೀನನ್ನು ಅವನ ಮುಖದಿಂದ ಕೆಳಗಿಳಿಸಿದಳು. "ಯಾವಾಗಿಂದ?"

"ರಂಜಾನಿನಿಂದ. ಹಗಲಾಗ ಮಬ್ಬುಮಬ್ಬು ಕಾಣ್ತೈತೆ. ಹೊತ್ತು ಮುಳುಗಿತು ಅಂದ್ರ ಏನೂ ಇಲ್ಲ."

"ಮತ್ತ ದಿನಾ ರಾತ್ರಿ ಬಲ್ಬ್ ಹಾಕು ಅಂತಿದ್ರಲ್ಲ?"

"ಅದು ನಿನಗೋಸ್ಕರ."

ಒಂದೇ ಮನೆ, ಒಂದೇ ತಟ್ಟೆ, ಆದರೂ ತನಗೆ ತಿಳಿಯಲಿಲ್ಲವಲ್ಲ ಎಂದುಕೊಂಡಳು. ತಡವಾದ ಬಟ್ಟೆಗಳು, ಬಿಟ್ಟುಹೋದ ಗಿರಾಕಿಗಳು, ಹೊಗಳಿಕೆ, ಎಲ್ಲ ಒಮ್ಮೆಗೇ ಅರ್ಥವಾಯಿತು.

"ಅದಿರ್ಲಿ," ಎಂದ ಅವನು, ಪೈಜಾಮವನ್ನು ಅವಳಿಲ್ಲದ ಕಡೆಗೆ ಚಾಚುತ್ತ. "ಹೊಲಿಗೆ ನೆಟ್ಟಗೈತಾ ನೋಡು. ಬೆಳಿಗ್ಗೆ ಬಸ್ಸಿಗೆ ಕೊಡ್ಬೇಕು."

ಅವಳು ಸುತ್ತಿ ಬಂದು ಅದನ್ನು ಇಸಕೊಂಡು ಬೆಳಕಿಗೆ ಹಿಡಿದಳು. ತೊಡೆಯಿಂದ ಕಾಲಂಚಿನವರೆಗೆ ಸೂಜಿ ಗೆರೆ ಎಳೆದಂತೆ ನಡೆದಿತ್ತು, ಎಲ್ಲೂ ಒಂದು ಕೂದಲೆಳೆ ಸೊಟ್ಟವಿಲ್ಲ. ಆದರೆ ಅದು ಬರೀ ತೂತಿನ ಸಾಲು. ದಾರ ಮೊದಲಿಗೇ ಕಡಿದು ಸೂಜಿಯ ಮೇಲೆ ಜೋತಾಡುತ್ತಿತ್ತು.

"ಯಾಕ ಸುಮ್ಮನಾದಿ? ಡೊಂಕಾಗೈತಾ?"

"ಇಲ್ರೀ. ನೆಟ್ಟಗೈತೆ," ಎಂದಳು. ಲಾಟೀನನ್ನು ಮೊಳೆಗೆ ಸಿಕ್ಕಿಸಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಯತ್ತ ಬಗ್ಗಿದಳು. ಅಷ್ಟು ಬೆಳಕಿದ್ದರೂ ದಾರ ಒಳಗೆ ಹೋಗಲಿಲ್ಲ, ಮತ್ತೆ ತುದಿ ಒದ್ದೆ ಮಾಡಿಕೊಂಡು ಬಗ್ಗಿದಳು.