ಕಾಲು ಏಳದ ಬೆಳಗು

ವೆಲ್ಡಿಂಗ್ ಅಂಗಡಿಯ ಅಣ್ಣತಮ್ಮಂದಿರಲ್ಲಿ ತಮ್ಮನಿಗೆ ಮೊದಲಿನಿಂದಲೂ ಮೈಗಳ್ಳನೆಂಬ ಹೆಸರಿತ್ತು. ಒಂದು ದಿನ ಅವನು ದೊಡ್ಡ ಗೇಟೊಂದನ್ನು ಎತ್ತಿ ಹೊರಳಿಸಿ ಬೆಸೆದು, ರಾತ್ರಿ ಹೊಟ್ಟೆ ಬಿರಿಯುವಷ್ಟು ಉಂಡು ಮಲಗಿದ. ಬೆಳಗ್ಗೆ ಏಳಲಿಲ್ಲ.

“ಅಣ್ಣಾ, ಕಾಲು ಎತ್ತೋಕಾಗ್ತಿಲ್ಲ.”

“ಗೇಟು ಸಾಗಿಸೋ ದಿನವೇ ನಿಂಗೆ ಕಾಲು ಬಿದ್ದೋಗುತ್ತೆ ನೋಡು. ನಾಟಕ ಸಾಕು, ಏಳು.”

ಅಣ್ಣ ರಟ್ಟೆ ಹಿಡಿದು ಎಳೆದ. ತಮ್ಮ ಮೂಟೆಯಂತೆ ಕುಸಿದ. ಹಣೆ ಮಂಚದ ಅಂಚಿಗೆ ಬಡಿಯಿತು. ರಕ್ತ ಒರೆಸಿಕೊಳ್ಳಲು ಅವನ ಕೈಯೂ ಮೇಲೇಳದ್ದನ್ನು ಕಂಡು ಅಣ್ಣ ಅವನನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಓಡಿದ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. “ರಕ್ತದಲ್ಲಿ ಪೊಟ್ಯಾಸಿಯಂ ತುಂಬಾ ಇಳಿದಿದೆ,” ಎಂದರು ಡಾಕ್ಟರಮ್ಮ. “ಅದೆಲ್ಲ ಸ್ನಾಯುಗಳ ಒಳಗೆ ಹೋಗಿ ಸೇರ್ಕೊಂಡಿದೆ. ಮೈಮುರಿಯೋ ಹಾಗೆ ದುಡಿದು, ಹೊಟ್ಟೆ ತುಂಬಾ ತಿಂದು ಮಲಗಿದ್ರೆ ಕೆಲವರಿಗೆ ಹೀಗಾಗುತ್ತೆ. ಆಗ ಮನಸ್ಸು ಹೇಳಿದ್ದನ್ನ ಮೈ ಕೇಳಲ್ಲ. ಹಿಂದೆನೂ ಆಗಿತ್ತಾ?”

ಅಣ್ಣ ಇಲ್ಲವೆನ್ನುವಷ್ಟರಲ್ಲಿ ತಮ್ಮ ಹೇಳಿದ: “ಆಗಾಗ ಬೆಳಗ್ಗೆ ಕಾಲು ಭಾರ ಆಗ್ತಿತ್ತು. ಇವನಿಗೆ ಹೇಳಿದ್ದೆ.”

ಪೊಟ್ಯಾಸಿಯಂ ಔಷಧಿ ಕುಡಿಸಿ, ಎದೆಗೆ ತಂತಿ ಅಂಟಿಸಿ ಹೃದಯದ ಬಡಿತ ನೋಡುತ್ತ ಕಾದರು. ಸಂಜೆಗೆ ಕಾಲಿನ ಹೆಬ್ಬೆರಳು ಅಲುಗಿತು. ಮರುದಿನ ಅವನು ತಾನೇ ನಡೆದು ಮನೆಗೆ ಬಂದ.

ಮತ್ತೆ ಬರಬಹುದು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಈಗ ಅಣ್ಣ ಬೆಳಕು ಹರಿಯುತ್ತಲೇ ಬಾಗಿಲಲ್ಲಿ ನಿಂತು, ತಮ್ಮ ಮಗ್ಗುಲು ಬದಲಿಸುವವರೆಗೂ ಉಸಿರು ಬಿಗಿಹಿಡಿದು ನೋಡುತ್ತಾನೆ. ತಮ್ಮನಿಗೆ ಅದು ಗೊತ್ತು. ಕೆಲವು ದಿನ ಅವನು ಬೇಕೆಂದೇ ಅಲುಗದೆ ಮಲಗಿರುತ್ತಾನೆ.