ನನ್ನನ್ನು ಮುಟ್ಟಿದವರು

"ಇಷ್ಟ ಸಣ್ಣ ತುಂಡು ತಗೊಂಡು ಏನ್ ಮಾಡ್ತೀರಿ ಮೇಡಮ್ಮಾರ? ಒಲಿಗೂ ಸಾಲಂಗಿಲ್ಲ" ಅಂದ ಬಡಿಗೇರ ಮೌನೇಶ, ನನ್ನ ಮೈಯನ್ನು ನುಣ್ಣಗೆ ಕೀಸುತ್ತ.

"ನೀ ಒಂದು ಕೊಕ್ಕಿ ಹಾಕಿ ಕೊಡು. ಎಳ್ಯಾಕ ನನ್ನ ಹುಡುಗ್ರು ಅದಾರ" ಅಂದರು ಸಾವಳಗಿ ಮೇಡಂ.

ನಾನು ಒಂದು ತೇಗದ ತುಂಡು. ಹುಟ್ಟಿದ ದಿನವೇ ಮೇಡಂ ಕೈಚೀಲದಲ್ಲಿ ಕೂತು ಗಜೇಂದ್ರಗಡದ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಬಂದೆ. ಮಕ್ಕಳು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನನ್ನನ್ನು ಎಳೆದರು, ಇಳಿಜಾರು ಹಲಗೆಯ ಮೇಲೆ ಜಾರಿಸಿದರು. ಆಮೇಲೆ ಪುಸ್ತಕದಲ್ಲಿ ನನ್ನನ್ನೊಂದು ಚೌಕ ಮಾಡಿ ಸುತ್ತ ಬಾಣ ಬರೆದರು. ಒಂದೊಂದು ಬಾಣವೂ ಒಂದೊಂದು ಬಲ. ಮೇಡಂ ಹೇಳುತ್ತಿದ್ದದ್ದು ಇಷ್ಟೇ: "ಮೇಜು ಮರೀರಿ, ಹಲಗಿ ಮರೀರಿ. ತುಂಡು ಒಂದನ್ನ ಬರೀರಿ. ಅದನ್ನ ಯಾರ್ ಮುಟ್ಟ್ಯಾರ ಕೇಳ್ರಿ. ಮುಟ್ಟಲಾರ್ದ ಎಳಿಯಾಕಿ ಭೂಮಿ ಒಬ್ಬಾಕಿನ."

ಹದಿನೇಳು ವರ್ಷ ಹೀಗೆ ನಡೆಯಿತು. ಕೊಕ್ಕಿ ಕಿತ್ತುಹೋಯಿತು, ಒಂದು ಮೂಲೆ ಸೀಳಿತು. ಹೊಸ ಸಾಮಾನಿನ ಪೆಟ್ಟಿಗೆ ಬಂದಾಗ ನನ್ನನ್ನು ಕಪಾಟಿನಿಂದ ಇಳಿಸಿದರು. ಕಸಕ್ಕೆ ಹೋಗದಂತೆ ಉಳಿಸಿದವಳು ಅಟೆಂಡರ್ ಫಕೀರವ್ವ. ಗುಡ್ಡದ ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲೆಂದು ಅದರ ಬುಡಕ್ಕೆ ನನ್ನನ್ನು ಆನಿಸಿದಳು. ಬಾಗಿಲು ಒಂದು ಕಡೆ ದಬ್ಬುತ್ತದೆ, ನೆಲ ಇನ್ನೊಂದು ಕಡೆ ಹಿಡಿಯುತ್ತದೆ, ನಡುವೆ ನಾನು ನಿಂತಿರುತ್ತೇನೆ. ಮುಪ್ಪಿನಲ್ಲಿ ನಿಂತಿರುವುದೂ ಒಂದು ಕೆಲಸವೇ.

ಫಕೀರವ್ವನಿಗೆ ಆಗ ನಲವತ್ತೆರಡು. ಪ್ರಯೋಗಾಲಯದ ಸಹಾಯಕಿ ಆಗಬೇಕಾದರೆ ಹನ್ನೆರಡನೇ ತರಗತಿ ಪಾಸಾಗಿರಬೇಕು. ಮುಕ್ತ ಶಾಲೆಯ ಪರೀಕ್ಷೆ ಕಟ್ಟಿ ಉಳಿದದ್ದೆಲ್ಲ ಗೆದ್ದಿದ್ದಳು. ಭೌತಶಾಸ್ತ್ರದ ಪ್ರಾಯೋಗಿಕದಲ್ಲಿ ಮಾತ್ರ ಎರಡು ಸಲ ಬಿದ್ದಿದ್ದಳು. ಈ ಸಲವೂ ಬಿದ್ದರೆ ಹುದ್ದೆ ಬೇರೆಯವರ ಪಾಲು.

ಅವಳು ಮಾಡುತ್ತಿದ್ದ ತಪ್ಪು ಒಂದೇ. ಚಲಿಸುವ ವಸ್ತುವಿಗೆ ಮುಂದಕ್ಕೊಂದು ಬಾಣ ಬರೆಯದೆ ಅವಳಿಗೆ ಸಮಾಧಾನವಿಲ್ಲ.

"ಕೈ ಬಿಟ್ಟೀಯಲ್ಲ, ಈಗ ಯಾರು ದಬ್ಬಾಕತ್ತಾರ?" ಅವಳ ಕೈಯಿಂದಲೇ ನನ್ನನ್ನು ಮೇಜಿನ ಮೇಲೆ ಜಾರಿಸಿ ಮೇಡಂ ಕೇಳುತ್ತಿದ್ದರು.

"ದಬ್ಬಿದ್ದು ಒಳಗ ಉಳಿದಿರ್ತೈತ್ರಿ."

"ಒಳಗ ಉಳಿಯಾಕ ಅದೇನು ಬುತ್ತಿ ಏನವಾ?"

ಫಕೀರವ್ವ ನಗಲಿಲ್ಲ. "ಇಪ್ಪತ್ತು ವರ್ಷ ಈ ಬೆಂಚು ದಬ್ಬೀನ್ರಿ. ದಬ್ಬೂದು ಬಿಟ್ರ ಒಂದ ಗೇಣೂ ಮುಂದ ಹೋಗಿಲ್ಲ. ಹೆಂಗ ನಂಬ್ಲಿ?"

ಆದರೆ ಅವಳು ಸೋಲುವವಳಲ್ಲ. ಒಂದು ಮಧ್ಯಾಹ್ನ ಮೇಜಿನ ಅರ್ಧಕ್ಕೆ ಕೇರಂ ಪುಡಿ ಉದುರಿಸಿ, ಪುಡಿ ಇದ್ದ ಕಡೆ, ಇಲ್ಲದ ಕಡೆ ಎರಡರಲ್ಲೂ ಒಂದೇ ಬಲದಿಂದ ದಬ್ಬಿ ನನ್ನನ್ನು ಜಾರಿಸಿದಳು. ಪುಡಿಯ ಮೇಲೆ ನಾನು ಮೂರು ಪಟ್ಟು ದೂರ ಹೋದೆ. ಮತ್ತೆ ಜಾರಿಸಿದಳು. ಮತ್ತೆ. ನನ್ನ ಹೊಟ್ಟೆ ಸವೆದರೂ ಸರಿ, ಇವತ್ತು ಇದು ಇತ್ಯರ್ಥವಾಗಲಿ ಎಂದು ನಾನೂ ಜಾರಿದೆ.

"ಹಂಗಾರ ಬೆಂಚು ನಿಂದರ್ಸಾಕಿ ಈ ನೆಲಾನ! ನಾ ದಬ್ಬಿದ್ದೆಲ್ಲ ಇದರ ಕೂಡ ಜಗಳಕ್ಕ" ಅಂದು ಫಕೀರವ್ವ ನೋಟ್‌ಬುಕ್ಕಿನ ಮುಂದಿನ ಬಾಣವನ್ನು ಹಾಳೆ ಹರಿಯುವಂತೆ ಅಳಿಸಿದಳು.

ಅವಳ ಪ್ರಾಯೋಗಿಕ ಪರೀಕ್ಷೆ ನಮ್ಮ ಪ್ರಯೋಗಾಲಯದಲ್ಲೇ ಇತ್ತು. ಆ ದಿನ ಬೇರೆ ಊರಿನ ಪರೀಕ್ಷಕರು ಒಳಗೆ ಕಾಲಿಡುತ್ತಲೇ ನನ್ನನ್ನು ಎಡವಿದರು. ನಾನು ಸರ್ರನೆ ಜಾರಿ ಫಕೀರವ್ವನ ಎದುರು ಹೋಗಿ ನಿಂತೆ.

"ಬನ್ನಿ, ಇದನ್ನೇ ಕೇಳ್ತೀನಿ" ಅಂದರು ಅವರು ಕಾಲ್ಬೆರಳು ಒತ್ತಿಕೊಳ್ಳುತ್ತ. "ನನ್ನ ಕಾಲು ಬಿಟ್ಟ ಮೇಲೆ, ಜಾರ್ತಾ ಇದ್ದಾಗ, ಇದರ ಮೇಲೆ ಯಾವ್ಯಾವ ಬಲ ಇತ್ತು? ಬೋರ್ಡಿನ ಮೇಲೆ ಬರೀರಿ."

ಫಕೀರವ್ವ ಚೌಕ ಬರೆದಳು. ಕೆಳಗೆ ಭೂಮಿಯ ಬಾಣ. ಮೇಲೆ ನೆಲ ಎತ್ತಿಹಿಡಿದ ಬಾಣ. ಹಿಂದಕ್ಕೆ ನೆಲದ ಘರ್ಷಣೆ. ಸೀಮೆಸುಣ್ಣ ಚೌಕದ ಮುಂದಕ್ಕೆ ಬಂದು ನಿಂತಿತು. ಅಲ್ಲಿ ಯಾರೂ ಇಲ್ಲವೆಂದು ಕೂಗಲು ನನಗೆ ಬಾಯಿಲ್ಲ.

"ಮುಂದಕ್ಕೆ ಹೋಯ್ತಲ್ಲಮ್ಮ. ಮುಂದಕ್ಕೊಂದು ಬಾಣ ಬೇಡ್ವಾ?" ಪರೀಕ್ಷಕರು ಬೇಕೆಂದೇ ಕೆದಕಿದರು.

"ಬ್ಯಾಡ್ರಿ" ಅಂದಳು ಫಕೀರವ್ವ, ಕೈ ಕೆಳಗಿಳಿಸಿ. "ಮುಂದಕ್ಕ ದಬ್ಬಾಕ ಯಾರೂ ಮುಟ್ಟಿಲ್ರಿ. ಹಿಂದಕ್ಕ ಹಿಡಿದದ್ದು ನೆಲ ಒಂದ. ಅದಕ್ಕ ನಿಂತೈತಿ. ನೀವು ಹತ್ತು ಸಲ ಕೇಳ್ರಿ, ಆ ಬಾಣ ನಾ ಬರ್ಯಂಗಿಲ್ಲ."

"ಆಯ್ತು ತಾಯಿ, ಹತ್ತು ಸಲ ಕೇಳಲ್ಲ" ಅಂದು ಪರೀಕ್ಷಕರು ಪಟ್ಟಿಯಲ್ಲಿ ಪೂರ್ತಿ ಅಂಕ ಬರೆದರು. ಹಿಂದೆ ನಿಂತಿದ್ದ ಮೇಡಂ ಬಗ್ಗಿ ನೋಡಿ, ನಗು ಕಾಣದಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಷ್ಟರಲ್ಲಿ ಗಾಳಿ ಬಂತು. ತಡೆಯಿಲ್ಲದ ಬಾಗಿಲು ಧಡಾರನೆ ಬಡಿಯಿತು. ಫಕೀರವ್ವ ಹೋಗಿ ಅದನ್ನು ತೆರೆದಳು, ಸುಣ್ಣದ ಕೈಯಿಂದಲೇ ನನ್ನನ್ನು ಎತ್ತಿ ಬುಡಕ್ಕೆ ಒತ್ತಿದಳು. ನನ್ನ ಬೆನ್ನ ಮೇಲೆ ಐದು ಬೆಳ್ಳನೆಯ ಬೆರಳು ಮೂಡಿದವು.